ಕಾಟಮ್ಮ ಕೊಡದ ಜಾಲಿ ಚಕ್ಕೆ

ಕಾಟಮ್ಮ ಔಷಧಿ ಕೊಡುವುದನ್ನು ನಿಲ್ಲಿಸಿ ಆರು ವರ್ಷವಾಗಿತ್ತು. ಆದರೂ ಮತ್ತೋಡು ಹತ್ತಿರದ ಆ ಹಟ್ಟಿಗೆ ವಿಷಯ ಗೊತ್ತಿಲ್ಲದವರು ಆಗಾಗ ಬರುತ್ತಲೇ ಇದ್ದರು. ಒಸಡು ಬಾತವರು, ಹಲ್ಲು ಅಲ್ಲಾಡುವವರು, ಬಾಯಲ್ಲಿ ಹುಣ್ಣೆದ್ದು ಊಟ ಬಿಟ್ಟವರು. ಸೊಸೆ ಗಂಗಾ ಬಾಗಿಲಲ್ಲೇ ನಿಂತು, "ನಮ್ಮತ್ತೆ ಈಗ ಕೊಡಾದಿಲ್ಲ, ಬಿಟ್ಟುಬಿಟ್ಟವ್ರೆ" ಎಂದು ಹೇಳಿ, ಒಂದು ಚೊಂಬು ನೀರು ಕೊಟ್ಟು ಕಳಿಸುತ್ತಿದ್ದಳು.

ಔಷಧಿ ಎಂದರೆ ಹೆಚ್ಚೇನಿಲ್ಲ, ಮನೆಯ ಹಿಂದಿನ ಕುರಿ ರೊಪ್ಪದ ಮಗ್ಗುಲಲ್ಲಿದ್ದ ಕರಿಜಾಲಿಯ ಚಕ್ಕೆ. ಕಾಟಮ್ಮ ಮದುವೆಯಾಗಿ ಬಂದಾಗಲೇ ಆ ಮರ ದೊಡ್ಡದಾಗಿತ್ತು. ಅತ್ತೆ ಜುಂಜಮ್ಮ ಅವಳಿಗೆ ಅದರ ಬಳಕೆಯನ್ನೆಲ್ಲ ಕಲಿಸಿದ್ದಳು. ಚಕ್ಕೆಯನ್ನು ಬೊಡ್ಡೆಯಿಂದ ತೆಗೆಯಬಾರದು, ಕೊಂಬೆಯಿಂದ ಎರಡು ಬೆರಳಗಲ, ಗೇಣುದ್ದ, ಅಷ್ಟೇ. ನೀರು ಅರ್ಧಕ್ಕಿಳಿಯುವವರೆಗೆ ಕುದಿಸಬೇಕು. ಕೆಂಪಗೆ, ಒಗರೊಗರಾಗಿ ಇಳಿದ ಕಷಾಯವನ್ನು ಉಗುರುಬೆಚ್ಚಗೆ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗಿಯಬೇಕು. ಮರದ ಅಂಟನ್ನು ಒಣಗಿಸಿ ಬೆಲ್ಲದೊಂದಿಗೆ ಕುಟ್ಟಿ ಬಾಣಂತಿಯರಿಗೆ ಕೊಡುತ್ತಿದ್ದರು. ಎಳೆಯ ಕಡ್ಡಿ ಹಟ್ಟಿಯವರ ಹಲ್ಲುಜ್ಜಲಿಕ್ಕೆ, ಕಾಯಿ ಕುರಿಗಳಿಗೆ. ಕಾಟಮ್ಮನ ಕೈಯಲ್ಲಿ ಒಸಡಿನ ರಕ್ತ ನಿಲ್ಲುತ್ತದೆ ಎಂಬ ಮಾತು ಹೊಸದುರ್ಗ ದಾಟಿ ಹೊಳಲ್ಕೆರೆ, ಹಿರಿಯೂರಿನವರೆಗೂ ಹಬ್ಬಿತ್ತು. ಜಾಲಿ ಮರ ಎಲ್ಲ ಕಡೆ ಇದ್ದರೂ ಜನಕ್ಕೆ ಆ ಮರದ ಚಕ್ಕೆಯೇ ಬೇಕು.

ಅವಳು ಯಾಕೆ ನಿಲ್ಲಿಸಿದಳೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗಂಡ ಚಿತ್ತಪ್ಪ ತೀರಿಕೊಂಡ ಮೇಲೆ ಮನಸ್ಸಿಗೆ ಬೇಸರವಾಗಿದೆ ಎಂದುಕೊಂಡಿದ್ದರು. ಗಂಗಾಳೂ ಹಾಗೆಯೇ ತಿಳಿದಿದ್ದಳು.

ಸಂಕ್ರಾಂತಿ ಕಳೆದ ವಾರ ಒಂದು ಬೆಳಿಗ್ಗೆ ಬೈಕಿನಲ್ಲಿ ಒಬ್ಬ ಬಂದ. ಐವತ್ತು ದಾಟಿದ ಆಳು, ಖಾಕಿ ಪ್ಯಾಂಟು, ಕುತ್ತಿಗೆಗೆ ಟವೆಲು. ಗಂಗಾ ಹೊಲಕ್ಕೆ ಹೋಗಿದ್ದಳು. ಕಾಟಮ್ಮ ಒಬ್ಬಳೇ ಅಂಗಳದಲ್ಲಿ ಹುರುಳಿ ಹಸನು ಮಾಡುತ್ತ ಕೂತಿದ್ದಳು.

"ನೆನಪೈತಾ ಅಕ್ಕ? ಮಾರಿಕಣಿವೆ ಮೂರ್ತಪ್ಪ" ಎಂದ ಅವನು. "ಎಂಟು ವರ್ಷದ ಹಿಂದೆ ಒಸಡಿಗೆ ಕೊಟ್ಟಿದ್ರಿ. ಹದಿನೈದು ದಿವಸಕ್ಕೆ ರಕ್ತ ನಿಂತಿತ್ತು ನೋಡ್ರಿ."

ಅವಳಿಗೆ ನೆನಪಿತ್ತು. ಅಣೆಕಟ್ಟಿನ ಕಾಲುವೆಗೆ ನೀರು ಬಿಡುವ, ತೂಬು ತಿರುಗಿಸುವ ನೌಕರ.

"ಕುಂತ್ಕಳಪ್ಪ" ಎಂದಳು. "ನಾನು ಈಗ ಕೊಡಾದಿಲ್ಲ. ಬಿಟ್ಟು ಬಾಳ ವರ್ಷ ಆತು" ಎಂದು ಹೇಳಬೇಕೆಂದು ಬಾಯಿ ತೆರೆದವಳು ಅವನನ್ನು ನೋಡಿ ಸುಮ್ಮನಾದಳು. ಮೂರ್ತಪ್ಪ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಎಡಗೆನ್ನೆಯನ್ನು ಮೆಲ್ಲಗೆ ಒತ್ತಿ ಹಿಡಿದಿದ್ದ. ಚಿತ್ತಪ್ಪನೂ ಕೊನೆಕೊನೆಗೆ ಹೀಗೇ ಕೂರುತ್ತಿದ್ದ.

"ಬಿಸಿಲ ಕಡೆ ತಿರುಗು. ಬಾಯಿ ತೆಗಿ."

ಅವನು ಬಾಯಿ ತೆರೆದ. ಪೂರ್ತಿ ತೆರೆಯಲು ಆಗಲಿಲ್ಲ. ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ, ಕೆನ್ನೆಯ ಒಳಗೆ, ಒಂದು ರೂಪಾಯಿ ಅಗಲದ ಬಿಳಿ ಮಚ್ಚೆ, ನಡುವೆ ಕೆಂಪು. ಕಾಟಮ್ಮ ಕೈ ತೊಳೆದುಕೊಂಡು ಬಂದು ಬೆರಳಿನಿಂದ ಮುಟ್ಟಿ ನೋಡಿದಳು. ಅಂಚು ದಪ್ಪಗಿತ್ತು. ಒಳಗೆ ಅವರೆಕಾಳು ಸಿಕ್ಕಿಕೊಂಡಂತೆ ಗಟ್ಟಿ.

"ನೋಯ್ತೈತಾ?"

"ನೋವು ಅಂಥದ್ದೇನಿಲ್ಲ. ಖಾರ ತಾಗಿದ್ರೆ ಉರಿತೈತೆ. ದೀಪಾವಳಿಯಿಂದ ಹಿಂಗೇ."

"ಹೊಗೆಸೊಪ್ಪು ಬಿಟ್ಟಿಲ್ವಾ?"

"ಪಾಳಿ ಕೆಲಸ ಅಕ್ಕ. ನಿದ್ದೆ ಬರಬಾರ್ದಲ್ಲ."

ಕಾಟಮ್ಮ ಎದ್ದು ನಿಂತಳು. "ಇದಕ್ಕೆ ಚಕ್ಕೆ ಅಲ್ಲ ಮೂರ್ತಪ್ಪ. ನಾನು ಕೊಡಲ್ಲ. ದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗು. ನಾಳೆನೇ ಹೋಗು."

"ಯಾಕೆ, ಏನಾಗೈತೆ ನಂಗೆ?"

ಅವಳಿಗೆ ಆ ರೋಗದ ಹೆಸರು ನಾಲಿಗೆಯ ಮೇಲೆ ಬಂತು, ಹೊರಗೆ ಬರಲಿಲ್ಲ. "ಅದನ್ನ ಡಾಕ್ಟ್ರು ಹೇಳ್ತಾರೆ" ಎಂದಳು.

ಮೂರ್ತಪ್ಪನ ಮುಖ ಕೆಂಪಾಯಿತು. "ಅವತ್ತು ಕೊಟ್ಟೋರು ಇವತ್ತು ಯಾಕೆ ಕೊಡಲ್ಲ? ಐವತ್ತು ಮೈಲಿಯಿಂದ ಬಂದೋನಿಗೆ ಬೆರಳು ಹಾಕಿ ನೋಡಿ, ಹೋಗು ಅಂತೀರಾ? ಒಂದು ಗೇಣು ಚಕ್ಕೆ ಕೊಟ್ರೆ ನಿಮ್ಮ ಮರ ಸವೀತೈತಾ?" ಎಂದವನೇ, ಅವಳು ತಂದ ಮಜ್ಜಿಗೆಯನ್ನೂ ಮುಟ್ಟದೆ ಬೈಕು ಹತ್ತಿ ಹೋದ.

ಅವನು ಹೇಳಿದಷ್ಟು ದೂರವೇನೂ ಇರಲಿಲ್ಲ. ಆದರೆ ಸಿಟ್ಟಿನಲ್ಲಿದ್ದವನಿಗೆ ಅದೂ ನಿಜವೇ. ಕಾಟಮ್ಮ ಮಜ್ಜಿಗೆಯನ್ನು ಒಳಗಿಟ್ಟು ಬಂದು ಮತ್ತೆ ಮೊರ ಕೈಗೆತ್ತಿಕೊಂಡಳು. ರೋಗದ ಹೆಸರು ಹೇಳಿ ಕಳಿಸಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಗಂಗಾ ರೊಪ್ಪದ ಕಡೆಯಿಂದ ಕೂಗಿಕೊಂಡಳು. "ಅತ್ತೇ! ಬರ್ರಿ ಇಲ್ಲಿ! ನೋಡ್ರಿ ಏನು ಮಾಡವ್ನೆ!"

ಜಾಲಿಯ ಬೊಡ್ಡೆ ಎದೆಯೆತ್ತರದಲ್ಲಿ ಬೆತ್ತಲಾಗಿತ್ತು. ಕುಡುಗೋಲಿನಿಂದ ಒಂದು ಮೊಳ ಎತ್ತರಕ್ಕೆ ಚಕ್ಕೆ ಎಬ್ಬಿಸಿ, ಸುತ್ತ ಸುಲಿದುಕೊಂಡು ಹೋಗಿದ್ದರು. ರೊಪ್ಪದ ಬೇಲಿ ಅಡ್ಡ ಬಂದ ಕಡೆ ಅಂಗೈ ಅಗಲದಷ್ಟು ಮಾತ್ರ ಉಳಿದಿತ್ತು. ಒಳಗಿನ ಕೆಂಪು ತಿರುಳು ಹಸಿ ಗಾಯದಂತೆ ಕಾಣುತ್ತಿತ್ತು. ನೆಲದ ಮೇಲೆ ಚೂರುಗಳು, ಮುರಿದ ಮುಳ್ಳುಕೊಂಬೆ. ಸುಲಿದವನ ಕೈಯೂ ಗೀರಿರಬೇಕು, ಒಂದು ಮುಳ್ಳಿನಲ್ಲಿ ಟವೆಲಿನ ನೂಲು ಸಿಕ್ಕಿಕೊಂಡಿತ್ತು.

"ಮೊನ್ನೆ ನೀವು ಹೇಳಿದ ಮಾರಿಕಣಿವೆಯೋನೇ. ನಸುಕಿಗೆ ನೀರಿಗೆ ಹೋದಾಗ ಖಾಕಿ ಪ್ಯಾಂಟಿನೋನು ಕೆರೆ ಏರಿ ಮೇಲೆ ಬೈಕಲ್ಲಿ ಹೋಗಿದ್ದು ನೋಡ್ದೆ" ಎಂದಳು ಗಂಗಾ. "ಸ್ಟೇಷನ್ನಿಗೆ ಹೋಗಾಣ ಅತ್ತೆ. ಗೌರ್ಮೆಂಟ್ ನೌಕರ ಆದ್ರೆ ಕಂಡೋರ ಮರ ಕೊಲ್ಲಬೋದಾ?"

ಕಾಟಮ್ಮ ಬೊಡ್ಡೆಯ ಮೇಲೆ ಕೈಯಿಟ್ಟು ಅಳತೆ ಹಾಕುತ್ತಿದ್ದಳು. ಅವನು ಒಯ್ದ ಚಕ್ಕೆ ದಿನಕ್ಕೆ ಎರಡು ಹೊತ್ತು ಕುದಿಸಿದರೂ ನಾಲ್ಕೈದು ತಿಂಗಳಿಗೆ ಸಾಕು. ಅಂದರೆ ನಾಲ್ಕೈದು ತಿಂಗಳು ಅವನು ಆಸ್ಪತ್ರೆಯ ಬಾಗಿಲು ತುಳಿಯುವುದಿಲ್ಲ.

"ಕೆಮ್ಮಣ್ಣಿಗೆ ಸಗಣಿ ಕಲಸಿ ಗಾಯಕ್ಕೆ ಮೆತ್ತು. ಮೇಲೆ ಗೋಣಿತಾಟು ಸುತ್ತಿ ಕಟ್ಟು" ಎಂದಳು ಸೊಸೆಗೆ. "ನಾನು ಮಾರಿಕಣಿವೆಗೆ ಹೋಗ್ಬರ್ತೀನಿ."

"ಜಗಳಕ್ಕಾದ್ರೆ ನಾನೂ ಬರ್ತೀನಿ."

"ಜಗಳಕ್ಕಲ್ಲ ಕಣವ್ವ."

ಅರವತ್ಮೂರು ವರ್ಷದ ಕಾಟಮ್ಮ ಒಬ್ಬಳೇ ಹಿರಿಯೂರಿಗೆ ಹೋದದ್ದೇ ಇರಲಿಲ್ಲ. ಆಧಾರ್ ಕಾರ್ಡನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಮತ್ತೋಡಿಗೆ ನಡೆದು ಬಸ್ಸು ಹಿಡಿದಳು. ಹಿರಿಯೂರು ಸ್ಟ್ಯಾಂಡಿನಲ್ಲಿ ಬೋರ್ಡು ಓದಲು ಬಾರದೆ ಮೂವರನ್ನು ಕೇಳಿದಳು. ಒಬ್ಬ ದುರ್ಗದ ಬಸ್ಸು ತೋರಿಸಿದ, ಇನ್ನೊಬ್ಬ ಅದರಿಂದ ಇಳಿಸಿದ, ಮೂರನೆಯವನು ಸರಿಯಾದ ಬಸ್ಸು ಹತ್ತಿಸಿದ. ಮಾರಿಕಣಿವೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಣೆಕಟ್ಟೆಯ ಕೆಳಗಿನ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಮೂರ್ತಪ್ಪನ ಕ್ವಾರ್ಟರ್ಸ್ ಯಾವುದೆಂದು ಮೀನು ಮಾರುವ ಹೆಂಗಸು ಕೈಮಾಡಿ ತೋರಿಸಿದಳು.

ಬಾಗಿಲು ತೆರೆದವಳು ಅವನ ಹೆಂಡತಿ ಶಾಂತಿ. "ಯಾರಮ್ಮ ನೀವು?" ಎಂದು ಕೇಳುವಷ್ಟರಲ್ಲಿ ಒಳಗಿನಿಂದ ವಾಸನೆ ಬಂತು. ಜಾಲಿ ಚಕ್ಕೆ ಕುದಿಯುವ ವಾಸನೆ. ಏಳು ತಿಂಗಳು ತನ್ನ ಮನೆಯ ಒಲೆಯಲ್ಲಿ ಎದ್ದ ವಾಸನೆ. ಕಾಟಮ್ಮನಿಗೆ ಹೊಸ್ತಿಲು ದಾಟಲಾಗಲಿಲ್ಲ. ಮೆಟ್ಟಿಲ ಮೇಲೇ ಕೂತಳು. ಶಾಂತಿ ನೀರು ತಂದಳು. ನೀರು ಕುಡಿಯುತ್ತಿರುವಾಗ ಮೂರ್ತಪ್ಪ ಊಟಕ್ಕೆಂದು ಮನೆಗೆ ಬಂದ. ಅವಳನ್ನು ಕಂಡು ಗೇಟಿನಲ್ಲೇ ನಿಂತ.

"ಅಕ್ಕ, ಮರಕ್ಕೆ ಏನೂ ಆಗಲ್ಲ" ಎಂದ ಅಲ್ಲಿಂದಲೇ. "ಜಾಲಿ ಅದು, ಮತ್ತೆ ಚಿಗುರ್ತೈತೆ. ತಪ್ಪಾತು ಅನ್ನು ಅಂದ್ರೆ ಅಂತೀನಿ. ದಂಡ ಕಟ್ಟು ಅಂದ್ರೆ ಕಟ್ತೀನಿ."

"ಮರದ ವಿಚಾರಕ್ಕೆ ಬಂದಿಲ್ಲಪ್ಪ. ಇಲ್ಲಿ ಬಾ. ನೀನೂ ಕುಂತ್ಕ, ನಿನ್ನ ಹೆಂಡ್ತಿನೂ ಕುಂತ್ಕಳ್ಳಿ."

ಆಮೇಲೆ ಕಾಟಮ್ಮ ಆರು ವರ್ಷದಲ್ಲಿ ಮಗನಿಗಾಗಲಿ ಸೊಸೆಗಾಗಲಿ ಹೇಳದ್ದನ್ನು ಆ ಮೆಟ್ಟಿಲ ಮೇಲೆ ಕೂತು ಹೇಳಿದಳು.

"ನಿನ್ನ ಬಾಯಲ್ಲಿ ನೋಡಿದ್ದು ನಮ್ಮನೆಯೋರ ಬಾಯಲ್ಲೂ ನೋಡಿದ್ದೆ. ಅದೇ ಜಾಗ, ಅದೇ ಬಿಳಿ. ಬಾಯಿಹುಣ್ಣು ಅಂದ್ಕಂಡೆ. ಊರಿಗೆಲ್ಲ ಕೊಡೋಳು ಗಂಡನಿಗೆ ಕೊಡದೆ ಇರ್ತೀನಾ? ಕುದಿಸಿ ಕೊಟ್ಟೆ. ಮುಕ್ಕಳಿಸಿದ್ರು. ರಕ್ತ ಬರೋದು ನಿಂತೋತು. ವಾಸನೆ ಕಮ್ಮಿ ಆತು. ಮುದ್ದೆ ನುಂಗಿದ್ರು. ವಾಸಿ ಆತು ಅಂತ ಇಬ್ರೂ ನಂಬಿದ್ವಿ. ಒಳಗೆ ಅದು ಬೆಳೀತಾನೇ ಇತ್ತು. ಮಗ ಕರ್ಕಂಡು ಹೋಗ್ತೀನಿ ಅಂದಾಗೆಲ್ಲ ನಾನೇ ತಡೆದೆ, ಇನ್ನೊಂದು ವಾರ ನೋಡಾಣ ಅಂತ. ಏಳು ತಿಂಗ್ಳು. ಆಮೇಲೆ ಕುತ್ತಿಗೇಲಿ ಗಂಟು ಬಂತು. ಆಸ್ಪತ್ರೇಲಿ ಡಾಕ್ಟ್ರು, ಮೊದ್ಲೇ ಕರ್ಕಂಡು ಬರಬೇಕಿತ್ತು ಅಂದ್ರು. ನಾನು ಅದನ್ನ ಯಾರಿಗೂ ಹೇಳ್ಲಿಲ್ಲ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅದು ಕ್ಯಾನ್ಸರ್ ಮೂರ್ತಪ್ಪ. ನಿನ್ನದೂ ಅದೇನೋ ಅಲ್ವೋ ನಂಗೆ ಗೊತ್ತಿಲ್ಲ. ನಾನು ಡಾಕ್ಟ್ರಲ್ಲ. ಆದ್ರೆ ನನ್ನ ಮರದ ಚಕ್ಕೆ ಇಟ್ಕಂಡು ನೀನು ಮನೇಲಿ ಕುಂತ್ರೆ ನಾನು ಬದುಕಾಕೆ ಆಗಲ್ಲ."

ಶಾಂತಿ ಎದ್ದು ಒಳಗೆ ಹೋದಳು. ಸ್ಟೌವ್ ಆರಿಸಿದ ಸದ್ದು, ಆಮೇಲೆ ಬಚ್ಚಲಿಗೆ ಕಷಾಯ ಸುರಿದ ಸದ್ದು ಕೇಳಿಸಿತು. ಹೊರಗೆ ಬಂದವಳು ಗಂಡನ ಮುಂದೆ ನಿಂತು, "ನಾಳೆ ರಜಾ ಹಾಕ್ರಿ" ಎಂದಳು.

ಮಾರನೆಯ ದಿನ ಮೂವರೂ ದುರ್ಗಕ್ಕೆ ಹೋದರು. ಕಾಟಮ್ಮ ಊರಿಗೆ ಮರಳುತ್ತೇನೆಂದರೂ ಶಾಂತಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಬಾಯಿ ನೋಡಿದ್ದು ದೀಪಾ ಎಂಬ ಸಣ್ಣ ವಯಸ್ಸಿನ ಡಾಕ್ಟರು. ಲೈಟು ಹಾಕಿ, ಕನ್ನಡಿ ಇಟ್ಟು, ಕುತ್ತಿಗೆಯ ಎರಡೂ ಕಡೆ ಒತ್ತಿ ನೋಡಿದಳು. ನೋಡಿ ಮುಗಿಸಿ ಕೈಗವಸು ತೆಗೆಯುತ್ತ, "ಯಾರು ನಿಮಗೆ ಬರೋಕೆ ಹೇಳಿದ್ದು?" ಎಂದು ಕೇಳಿದಳು.

ಶಾಂತಿ ಕಾಟಮ್ಮನ ಕಡೆ ತೋರಿಸಿದಳು.

"ಅಜ್ಜಿ, ನಮ್ಮ ಹತ್ರ ಹೆಚ್ಚಿನೋರು ಬರೋದು ಬಾಯಿಗೆ ಅನ್ನ ಹೋಗದೇ ಇದ್ದಾಗ. ನೀವು ಹೆಂಗೆ ಕಂಡುಹಿಡಿದ್ರಿ?"

"ಒಂದ್ಸಲ ನೋಡಿದ್ದೆ ಡಾಕ್ಟ್ರಮ್ಮ" ಎಂದಳು ಕಾಟಮ್ಮ.

ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಬೇಕಾಯಿತು. ಆ ಹತ್ತು ದಿನ ಮೂರ್ತಪ್ಪ ಹೊಗೆಸೊಪ್ಪಿಲ್ಲದೆ ಹೆಂಡತಿಯ ಮೇಲೆ ರೇಗುತ್ತ, ತೂಬಿನ ಹತ್ತಿರ ಒಬ್ಬನೇ ಅಡ್ಡಾಡುತ್ತ ಕಳೆದ. ವರದಿ ಬರುವ ದಿನ ಕಾಟಮ್ಮ ಹಟ್ಟಿಯಿಂದ ನೇರ ದುರ್ಗಕ್ಕೆ ಹೋದಳು. ಈ ಸಲ ಬಸ್ಸು ತಪ್ಪಲಿಲ್ಲ.

ರೋಗ ಅದೇ ಆಗಿತ್ತು. ಆದರೆ ಇನ್ನೂ ಕೆನ್ನೆಯಲ್ಲೇ ಇತ್ತು, ಕುತ್ತಿಗೆಗೆ ಇಳಿದಿರಲಿಲ್ಲ. ಆಪರೇಷನ್ ಮಾಡಿ ತೆಗೆಯಬಹುದು, ಗುಣವಾಗುವ ಅವಕಾಶ ಚೆನ್ನಾಗಿದೆ ಎಂದಳು ದೀಪಾ. ಮೂರ್ತಪ್ಪ ಹೊರಗಿನ ಬೆಂಚಿನ ಮೇಲೆ ಬಂದು ಕೂತ. ತಲೆ ಎತ್ತಿ, "ಅಕ್ಕ, ಅವತ್ತೇ ನೀವು ಹೆಸರು ಹೇಳ್ಬೋದಿತ್ತಲ್ಲ" ಎಂದ.

"ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ ಕಣಪ್ಪ."

"ಹೇಳಿದ್ರೆ ಮರ ಉಳೀತಿತ್ತು" ಎಂದು ಅವನು ನಕ್ಕ. ನಗುತ್ತಲೇ ಅತ್ತುಬಿಟ್ಟ. ಶಾಂತಿ ಅವನ ಬೆನ್ನ ಮೇಲೆ ಕೈಯಿಟ್ಟಳು.

ಕಾಟಮ್ಮ ಎದ್ದು ಮತ್ತೆ ಡಾಕ್ಟರ ಕೋಣೆಗೆ ಹೋದಳು. ಅವಳಿಗೆ ಕೇಳಬೇಕಾದದ್ದು ಒಂದಿತ್ತು.

"ನಮ್ಮನೆಯೋರಿಗೆ ಏಳು ತಿಂಗ್ಳು ಜಾಲಿ ಚಕ್ಕೆ ಕೊಟ್ಟೆ ಡಾಕ್ಟ್ರಮ್ಮ. ಅವರು ಸತ್ತಿದ್ದು ನನ್ನಿಂದಾನಾ?"

ದೀಪಾ ಪೆನ್ನು ಕೆಳಗಿಟ್ಟಳು. ಬೇರೆ ಯಾರಿಗಾದರೂ ಆಗಿದ್ದರೆ ಅಲ್ಲ ಎಂದು ಹೇಳಿ ಕಳಿಸಿಬಿಡುತ್ತಿದ್ದಳೇನೋ. ಈ ಮುದುಕಿಗೆ ಹಾಗೆ ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಸುಳ್ಳು ಹೇಳಲ್ಲ ಅಜ್ಜಿ. ಬೇಗ ಬಂದಿದ್ರೆ ಬದುಕೋ ಅವಕಾಶ ಜಾಸ್ತಿ ಇರ್ತಿತ್ತು. ಆದ್ರೆ ರೋಗ ಚಕ್ಕೆಯಿಂದ ಬರ್ಲಿಲ್ಲ, ಹೊಗೆಸೊಪ್ಪಿಂದ ಬಂತು. ನಿಮಗೆ ಗೊತ್ತಿದ್ದ ಔಷಧಿ ನೀವು ಕೊಟ್ರಿ. ಅದು ಬೇರೆ ರೋಗ ಅಂತ ನಿಮಗೆ ಹೇಳೋರು ಯಾರೂ ಇರ್ಲಿಲ್ಲ."

ಕಾಟಮ್ಮ ತಲೆದೂಗಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಆರು ವರ್ಷದಿಂದ ತಾನೇ ತನಗೆ ಹೇಳಿಕೊಳ್ಳುತ್ತಿದ್ದುದರಲ್ಲಿ ಅರ್ಧ ನಿಜ, ಅರ್ಧ ಅಲ್ಲ ಎಂದು ಒಬ್ಬರು ಎದುರಿಗೆ ಕೂತು ಹೇಳಿದ್ದರು. ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಹಿಂದಕ್ಕೆ ಸರಿದು ಸರಿಯಾಗಿ ಕೂತಳು.

"ಹಂಗಾದ್ರೆ ಈಗ ಹೇಳ್ಕೊಡ್ರಿ. ಯಾವುದು ನನ್ನದು, ಯಾವುದು ನಿಮ್ಮದು?"

ದೀಪಾ ಹೇಳಿಕೊಟ್ಟಳು. ಕಾಟಮ್ಮ ಓದಿದವಳಲ್ಲ, ಬೆರಳ ಗೆಣ್ಣಿನಲ್ಲಿ ಎಣಿಸಿ ನೆನಪಿಟ್ಟುಕೊಂಡಳು. ಬರೀ ಒಸಡು ಬಾತು ರಕ್ತ ಬಂದರೆ ಜಾಲಿ ಕಷಾಯ ನಾಲ್ಕು ದಿನ ಮುಕ್ಕಳಿಸಿದರೆ ತೊಂದರೆಯಿಲ್ಲ, ಆಮೇಲೂ ನಿಲ್ಲದಿದ್ದರೆ ಹಲ್ಲಿನ ಡಾಕ್ಟರು. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದ ಬಾಯಿ ಕಂಡರೆ ಒಂದು ದಿನವೂ ತಡಮಾಡದೆ ಆಸ್ಪತ್ರೆ. "ಕುತ್ತಿಗೆ ಗಂಟು ಬಿಟ್ರಲ್ಲ" ಎಂದು ಕಾಟಮ್ಮನೇ ನೆನಪಿಸಿದಳು. ದೀಪಾ ನಕ್ಕು, ಒಂದು ಸಣ್ಣ ಟಾರ್ಚನ್ನು ಅವಳ ಕೈಗೆ ಕೊಟ್ಟಳು.

ಆಪರೇಷನ್ ಆಯಿತು. ಮೂರ್ತಪ್ಪ ಒಂದೂವರೆ ತಿಂಗಳು ಮನೆಯಲ್ಲಿದ್ದ. ಮೊದಲು ಹಾಲು, ಗಂಜಿ, ಆಮೇಲೆ ಮೆತ್ತನೆಯ ಅನ್ನ. ಮಾತು ಸ್ವಲ್ಪ ತೊದಲುತ್ತಿತ್ತು, ಎಡಗೆನ್ನೆ ಒಳಕ್ಕೆ ಹೋಗಿತ್ತು. ಕೆಲಸಕ್ಕೆ ಮರಳಿದ ಮೇಲೆ ಹಗಲು ಪಾಳಿ ಕೇಳಿ ಹಾಕಿಸಿಕೊಂಡ. ಮೊದಲ ಭಾನುವಾರವೇ ಶಾಂತಿಯನ್ನು ಹಿಂದೆ ಕೂರಿಸಿಕೊಂಡು ಹಟ್ಟಿಗೆ ಬಂದ.

ಮರ ಪೂರ್ತಿ ಸತ್ತಿರಲಿಲ್ಲ. ಮೂರು ಭಾಗ ಒಣಗಿ ಮುಳ್ಳಷ್ಟೇ ಉಳಿದಿತ್ತು. ಅಂಗೈ ಅಗಲದ ಚಕ್ಕೆ ಉಳಿದಿದ್ದ ಕಡೆಯ ದೊಡ್ಡ ಕೊಂಬೆ ಮಾತ್ರ ಹಸಿರಾಗಿತ್ತು. ಮೂರ್ತಪ್ಪ ಅದನ್ನು ಸುತ್ತು ಹಾಕಿ ನೋಡಿ ತಲೆ ತಗ್ಗಿಸಿ ನಿಂತ. ಗಂಗಾ ಅವನಿಗೆ ನೀರೂ ಕೊಡಲಿಲ್ಲ.

"ಈ ವರ್ಷ ನಮ್ಮ ಕುರಿಗೆ ಕಾಯಿ ಎಲ್ಲಿಂದ ತರ್ಲಿ ಹೇಳು" ಎಂದಳು.

"ಅದಕ್ಕೇ ತಂದೀನಮ್ಮ" ಎಂದ ಅವನು. ಬೈಕಿನ ಎರಡೂ ಕಡೆ ಕಟ್ಟಿದ್ದ ಚೀಲ ಬಿಚ್ಚಿದ. ಕಾಲುವೆ ದಂಡೆಯ ಜಾಲಿಗಳಿಂದ ಗಂಡ ಹೆಂಡತಿ ಇಬ್ಬರೂ ಆರಿಸಿದ, ಮಣಿ ಪೋಣಿಸಿದಂತಿದ್ದ ಕಾಯಿ. ಶಾಂತಿಯ ಕೈಯ ತುಂಬ ಗೀರುಗಳಿದ್ದವು. ಗಂಗಾ ಅದನ್ನು ನೋಡಿ ಒಳಗೆ ಹೋದಳು, ಕೊಬ್ಬರಿ ಎಣ್ಣೆಯ ಬಾಟಲಿ ತಂದು ಶಾಂತಿಯ ಮುಂದಿಟ್ಟು, "ಊಟ ಮಾಡ್ಕಂಡು ಹೋಗ್ರಿ" ಎಂದಳು.

ಆವತ್ತು ಊಟಕ್ಕೆ ಕೂತಾಗ ಕಾಟಮ್ಮ ಎಲ್ಲರ ಮುಂದೆ ತಾನು ಮತ್ತೆ ಔಷಧಿ ಕೊಡುತ್ತೇನೆಂದು ಹೇಳಿದಳು. ಬೇರೆ ಜಾಲಿ ಮರದ ಚಕ್ಕೆಯಾದರೂ ಆದೀತು, ಗುಣ ಒಂದೇ ಎಂದಳು. ಚಿತ್ತಪ್ಪನ ವಿಷಯದಲ್ಲಿ ಆಗ ಡಾಕ್ಟರು ಅಂದಿದ್ದ ಮಾತನ್ನು ಗಂಗಾಳಿಗೂ ಮಗನಿಗೂ ಹೇಳಿದ್ದೂ ಅವತ್ತೇ. ಮಗ ತಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದ. "ನಾನಾದ್ರೂ ಹಟ ಮಾಡಿ ಕರ್ಕಂಡು ಹೋಗ್ಬೇಕಿತ್ತು ಕಣವ್ವ" ಎಂದ. ಅವನ ಮನಸ್ಸಿನಲ್ಲೂ ಅಂಥದ್ದೊಂದು ಇದ್ದುದು ಕಾಟಮ್ಮನಿಗೆ ಗೊತ್ತೇ ಇರಲಿಲ್ಲ.

ಸೋಮವಾರ ಸೋಮವಾರ ಜನ ಬರತೊಡಗಿದರು. ಮೊದಲು ಬಿಸಿಲಿಗೆ ಮುಖ ಮಾಡಿ ಕೂರಬೇಕು, ಟಾರ್ಚಿನ ಬೆಳಕು ಬಿಟ್ಟು ಕಾಟಮ್ಮ ನೋಡಬೇಕು, ಆಮೇಲೆ ಚಕ್ಕೆ. ಹೆಚ್ಚಿನವರಿಗೆ ಒಸಡಿನದೇ ತೊಂದರೆ, ಎರಡು ತುಂಡು ಚಕ್ಕೆ ತೆಗೆದುಕೊಂಡು ಹೋಗುತ್ತಿದ್ದರು. ಬೇಸಿಗೆ ಮುಗಿಯುವ ಮುಂಚಿನ ಒಂದು ಸೋಮವಾರ ಹೊಳಲ್ಕೆರೆ ಕಡೆಯ ಕೆಂಚಣ್ಣ ಎಂಬ ಲಾರಿ ಡ್ರೈವರು ಬಂದ. ನಲವತ್ತರ ಆಸುಪಾಸು. ನಾಲಿಗೆಯ ಬದಿಯಲ್ಲಿ ಮೂರು ವಾರದಿಂದ ಮಾಯದ ಹುಣ್ಣು.

ಕಾಟಮ್ಮ ಟಾರ್ಚು ಆರಿಸಿದಳು. "ಇದು ಕ್ಯಾನ್ಸರ್ ಇರ್ಬೋದಪ್ಪ, ಇಲ್ದೇನೂ ಇರ್ಬೋದು" ಎಂದಳು. "ನಾನು ಚಕ್ಕೆ ಕೊಡಲ್ಲ. ಇವತ್ತೇ ದುರ್ಗಕ್ಕೆ ಹೋಗು."

ಕೆಂಚಣ್ಣ ಬೆವೆತ. "ಏನಮ್ಮ ಹಿಂಗಂತೀರಿ? ಸಣ್ಣ ಹುಣ್ಣು ಇದು. ಎರಡು ಮಕ್ಳವ್ರೆ ನಂಗೆ" ಎಂದು ಎದ್ದುನಿಂತ.

ಕಾಟಮ್ಮ ಸೊಸೆಯ ಕಡೆ ನೋಡಿದಳು. ಗಂಗಾ ಫೋನು ಹಚ್ಚಿ ಅವನ ಕಿವಿಗೆ ಹಿಡಿದಳು. ಆ ಕಡೆಯಿಂದ ಮೂರ್ತಪ್ಪನ ತೊದಲು ದನಿ ಕೇಳಿಸುತ್ತಿತ್ತು. ಹಿಂದೆ ಕಾಲುವೆಯ ನೀರಿನ ಸದ್ದೂ ಇತ್ತು. ಕೆಂಚಣ್ಣ ಮೊದಲು ಹ್ಞೂಂ ಹ್ಞೂಂ ಎನ್ನುತ್ತಿದ್ದವನು ಆಮೇಲೆ ಸುಮ್ಮನೆ ಕೇಳಿದ. "ನೋವಾಗ್ತೈತಾ ಆಪರೇಷನ್?" ಎಂದು ಒಮ್ಮೆ ಕೇಳಿದ. ಉತ್ತರಕ್ಕೆ ಸ್ವಲ್ಪ ನಕ್ಕ. ಕೊನೆಗೆ ಫೋನು ಗಂಗಾಳ ಕೈಗೆ ಕೊಟ್ಟು, ಜೇಬಿನಲ್ಲಿದ್ದ ಗುಟ್ಕಾ ಪೊಟ್ಟಣ ತೆಗೆದು ಎಲ್ಲಿ ಹಾಕಬೇಕೆಂದು ತಿಳಿಯದೆ ಆಚೀಚೆ ನೋಡಿದ.

"ದುರ್ಗದ ಬಸ್ಸು ಎಷ್ಟೊತ್ತಿಗೆ ಐತೆ?" ಎಂದು ಕೇಳಿದ.

"ಹನ್ನೊಂದೂ ಕಾಲಿಗೆ" ಎಂದಳು ಗಂಗಾ. "ಬೇಗ ನಡೆದ್ರೆ ಸಿಗ್ತೈತೆ."